ಕೊಡಗಿನ ಮನೆಗೊಂದು ಗ್ರಾಫಿಕ್ಸ್ ಕಾರ್ಡ್: ಕಡಿಮೆ ಬಜೆಟ್ಟಿನಲ್ಲಿ ಹೋಲಿಸಿ, ಅಳೆದು, ಆರಿಸುವ ಸಮಗ್ರ ಮಾರ್ಗದರ್ಶಿ

ಕೈಲ್ ಮುಹೂರ್ತದ ಹಬ್ಬ ಕಳೆದ ವಾರ ಸೋಮವಾರಪೇಟೆ ಕಡೆಯ ತೋಟದಿಂದ ಅಕ್ಕನ ಮಗ ಫೋನ್ ಮಾಡಿದ. "ಮಾವ, ಮೆಣಸು ಮಾರಿದ ದುಡ್ಡಲ್ಲಿ ಅಪ್ಪ ಗೇಮ್ ಆಡೋಕೆ ಗ್ರಾಫಿಕ್ಸ್ ಕಾರ್ಡ್ ಕೊಡಿಸ್ತೀನಿ ಅಂದಿದ್ದಾರೆ. ಎನ್‌ವಿಡಿಯಾ ತಗೊಳ್ಳೋದಾ, ಎಎಂಡಿ ತಗೊಳ್ಳೋದಾ? ಇಂಟೆಲ್‌ದೂ ಒಂದು ಬಂದಿದೆಯಂತೆ."

ನಾನು ಉತ್ತರ ಹೇಳಲಿಲ್ಲ. "ನಿನ್ನ ಎಸ್‌ಎಂಪಿಎಸ್, ಅದೇ ಕಂಪ್ಯೂಟರಿನೊಳಗೆ ಕರೆಂಟು ಹಂಚುವ ಡಬ್ಬಿ, ಎಷ್ಟು ವ್ಯಾಟ್? ಮಾನಿಟರ್ ಎಷ್ಟು ಹರ್ಟ್ಜ್? ಮದರ್‌ಬೋರ್ಡ್ ಯಾವುದು?" ಎಂದು ಕೇಳಿದೆ. ಆ ಕಡೆ ಸದ್ದೇ ಇಲ್ಲ. ಅವನೊಬ್ಬನ ಕಥೆಯಲ್ಲ ಇದು. ಮಡಿಕೇರಿಯಲ್ಲಿ, ಕುಶಾಲನಗರದಲ್ಲಿ, ವಿರಾಜಪೇಟೆಯಲ್ಲಿ ನನ್ನನ್ನು ಈ ಪ್ರಶ್ನೆ ಕೇಳಿದ ಹುಡುಗರೆಲ್ಲ ಎರಡು ಕಾರ್ಡುಗಳನ್ನು ಒಂದಕ್ಕೊಂದು ಹೋಲಿಸಿ ನೋಡಿದ್ದರು. ಆ ಕಾರ್ಡು ಬಂದು ಕೂರುವ ಮನೆಯನ್ನು ಯಾರೂ ನೋಡಿರಲಿಲ್ಲ. ಕಾರ್ಡುಗಳ ಜಗಳ ಬಿಡಿಸುವ ಮೊದಲು ಒಂದೊಂದು ಕಾರ್ಡನ್ನೂ ನಿಮ್ಮ ಕಂಪ್ಯೂಟರಿಗೆ, ನಿಮ್ಮ ಮನೆಯ ಕರೆಂಟಿಗೆ, ನಿಮ್ಮ ಊರಿನ ದೂರಕ್ಕೆ ಹೊಂದಿಸಿ ನೋಡಬೇಕು. ಅರ್ಧ ಆಯ್ಕೆ ಅಲ್ಲೇ ಮುಗಿಯುತ್ತದೆ. ನಾನೂ ಅವನೂ ಹತ್ತು ದಿನ ಕೂತು ಮಾಡಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹಂತ 1: ಇರುವುದನ್ನು ಒಂದು ಹಾಳೆಯಲ್ಲಿ ಬರೆಯಿರಿ

ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟ ನೋಡಿದರೆ ಪ್ರೊಸೆಸರ್ ಹೆಸರು, ರ‍್ಯಾಮ್ ಎಷ್ಟು, ಎಷ್ಟು ಸ್ಲಾಟ್ ತುಂಬಿದೆ ಎಲ್ಲವೂ ಸಿಗುತ್ತದೆ. ಮದರ್‌ಬೋರ್ಡ್ ಹೆಸರಿಗೆ ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಸಾಕು. ಆಮೇಲೆ ಕ್ಯಾಬಿನೆಟ್ಟಿನ ಬದಿಯ ಮುಚ್ಚಳ ತೆಗೆದು, ಹಿಂಬದಿಯ ತಗಡಿನಿಂದ ಮುಂದಿನ ಫ್ಯಾನಿನವರೆಗೆ ಸ್ಕೇಲ್ ಹಿಡಿದು ಅಳತೆ ಬರೆದುಕೊಳ್ಳಿ. ಎರಡು ಫ್ಯಾನಿನ ಕಾರ್ಡುಗಳು 200ರಿಂದ 250 ಮಿಲಿಮೀಟರ್ ಆಸುಪಾಸು ಇರುತ್ತವೆ, ಮೂರು ಫ್ಯಾನಿನವು 300ರ ಹತ್ತಿರ ಹೋಗುತ್ತವೆ.

ಮಾನಿಟರ್ ಬಗ್ಗೆ ಸ್ವಲ್ಪ ನಿಲ್ಲೋಣ. 1920x1080 ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿವೆ. 2560x1440ರಲ್ಲಿ 36.9 ಲಕ್ಷ. 4ಕೆ ಪರದೆಯಲ್ಲಿ 82.9 ಲಕ್ಷ. ಕಾರ್ಡಿನ ಕೆಲಸವೇ ಈ ಚುಕ್ಕೆಗಳನ್ನು ತುಂಬುವುದು. 60 ಹರ್ಟ್ಜ್, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ ಮಾನಿಟರಿಗೆ ಒಂದೊಂದು ಫ್ರೇಮನ್ನು (ಒಂದು ಪೂರ್ತಿ ಚಿತ್ರವನ್ನು) 16.7 ಮಿಲಿಸೆಕೆಂಡಿನೊಳಗೆ ಮುಗಿಸಿ ಕೊಡಬೇಕು, 144 ಹರ್ಟ್ಜ್ ಆದರೆ 6.9 ಮಿಲಿಸೆಕೆಂಡಿನೊಳಗೆ. 75 ಹರ್ಟ್ಜ್ ಪರದೆ ಇಟ್ಟುಕೊಂಡು 140 ಫ್ರೇಮ್ ಕೊಡುವ ಕಾರ್ಡಿಗೆ ದುಡ್ಡು ಸುರಿದರೆ ಹೆಚ್ಚುವರಿ ಫ್ರೇಮುಗಳು ಕಣ್ಣಿಗೆ ಬೀಳುವುದೇ ಇಲ್ಲ. ಇನ್ನೊಂದು ಮಾತು: ಹೊಸ ಕಾರ್ಡುಗಳಲ್ಲಿ ಹಳೆಯ ನೀಲಿ ವಿಜಿಎ ಕನೆಕ್ಟರ್ ಇರುವುದಿಲ್ಲ. ಎಚ್‌ಡಿಎಂಐ ಮತ್ತು ಡಿಸ್‌ಪ್ಲೇಪೋರ್ಟ್ ಮಾತ್ರ.

ಅಕ್ಕನ ಮಗನ ಹಾಳೆಯಲ್ಲಿ ಬಂದದ್ದು ಇದು: ರೈಝೆನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 24 ಇಂಚಿನ 1080 ಪರದೆ, 75 ಹರ್ಟ್ಜ್, 450 ವ್ಯಾಟ್ ಎಸ್‌ಎಂಪಿಎಸ್, 8 ಜಿಬಿಯ ಒಂದೇ ಒಂದು ರ‍್ಯಾಮ್ ಕಡ್ಡಿ. ಕಡೆಯದನ್ನು ನೋಡಿ ನನಗೆ ಬೇಸರವಾಯಿತು. ಒಂದೇ ಕಡ್ಡಿ ಹಾಕಿದರೆ ಮೆಮೊರಿ ಒಂದೇ ಚಾನೆಲ್‌ನಲ್ಲಿ ಓಡುತ್ತದೆ, ಅರ್ಧ ದಾರಿ ಮುಚ್ಚಿದ ಹಾಗೆ. ಅಷ್ಟೇ ಅಳತೆಯ ಇನ್ನೊಂದು ಕಡ್ಡಿ ಸರಿಯಾದ ಸ್ಲಾಟಿಗೆ ಹಾಕುವುದು ಕಾರ್ಡ್ ಕೊಳ್ಳುವುದಕ್ಕಿಂತ ಮೊದಲು ಆಗಬೇಕಾದ ಕೆಲಸ. ಹೊಸ ಗೇಮುಗಳಿಗೆ 16 ಜಿಬಿ ಹೇಗೂ ಬೇಕು.

ಹಂತ 2: ಎಸ್‌ಎಂಪಿಎಸ್ ಚೀಟಿ ಓದಿ, ಮನೆಯ ಕರೆಂಟು ನೋಡಿ

ಈ ಹಂತವನ್ನು ಹಾರಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಕ್ಯಾಬಿನೆಟ್ ಜೊತೆಗೇ ಬರುವ ಅಗ್ಗದ ಎಸ್‌ಎಂಪಿಎಸ್ ಮೇಲೆ "500 ವ್ಯಾಟ್" ಎಂದು ದೊಡ್ಡದಾಗಿ ಬರೆದಿರುತ್ತದೆ. ಅದನ್ನು ನಂಬದೆ, ಬದಿಯ ಚೀಟಿಯಲ್ಲಿ 12 ವೋಲ್ಟ್ ಸಾಲಿನ ಎದುರು ಎಷ್ಟು ಆಂಪಿಯರ್ ಇದೆ ನೋಡಿ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು ಆ ಸಾಲಿನಿಂದಲೇ. 18 ಆಂಪಿಯರ್ ಎಂದಿದ್ದರೆ 12 ಗುಣಿಸು 18, ಅಂದರೆ 216 ವ್ಯಾಟ್ ಅಷ್ಟೇ. ಮುಖಪುಟದ 500 ಎಲ್ಲಿ ಹೋಯಿತು ಎಂದು ನೀವೇ ಕೇಳಿಕೊಳ್ಳಿ. ಹುಡುಗನ 450 ವ್ಯಾಟ್‌ನದು 36 ಆಂಪಿಯರ್ ಇತ್ತು: 432 ವ್ಯಾಟ್. ಒಳ್ಳೆಯ ಮಾಲು.

ಇನ್ನು ಕಾರ್ಡಿನ ಕಡೆಯ ಲೆಕ್ಕ. ಮದರ್‌ಬೋರ್ಡಿನ ಸ್ಲಾಟ್ 75 ವ್ಯಾಟ್‌ವರೆಗೆ ಕೊಡುತ್ತದೆ. 6 ಪಿನ್‌ನ ಕೇಬಲ್ ಇನ್ನೊಂದು 75, 8 ಪಿನ್‌ನದು 150. ಪ್ರೊಸೆಸರಿಗೆ ಹೋಗುವ 8 ಪಿನ್‌ನ ಕೇಬಲ್ ಬೇರೆ, ಕಾರ್ಡಿಗೆ ಹೋಗುವುದು ಬೇರೆ. ಕಾರ್ಡಿನದು 6 ಮತ್ತು 2 ಎಂದು ಬಿಡಿಸಿಕೊಳ್ಳುತ್ತದೆ, ಪ್ರೊಸೆಸರಿನದು 4 ಮತ್ತು 4 ಎಂದು. ಒತ್ತಿ ತುರುಕಲು ಹೋಗಬೇಡಿ. ಹಾರ್ಡ್ ಡಿಸ್ಕಿನ ಹಳೆಯ ಕನೆಕ್ಟರಿನಿಂದ 8 ಪಿನ್ ಮಾಡಿಕೊಡುವ ಅಡಾಪ್ಟರ್ ಬೇಡವೇ ಬೇಡ, ಬಿಸಿಗೆ ಕರಗುವ ಅಪಾಯವಿದೆ.

ಈಗ ನಮ್ಮೂರಿನ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ತಂತಿ ಹರಿದು ಕರೆಂಟು ಹೋಗುವುದು, ಬಂದಾಗ ಒಮ್ಮೆಲೇ ಜೋರಾಗಿ ಬರುವುದು, ತೋಟದ ಕೊನೆಯ ಮನೆಗೆ ಸಂಜೆ ಲೋ ವೋಲ್ಟೇಜ್ ಆಗುವುದು, ಇವೆಲ್ಲ ಬೆಂಗಳೂರಿನವರು ಮಾಡುವ ವಿಮರ್ಶೆಗಳಲ್ಲಿ ಬರುವುದಿಲ್ಲ. ಮೂರು ಸಂಗತಿ ನೋಡಿಕೊಳ್ಳಿ.

ಒಂದು, ಅರ್ಥಿಂಗ್. ಕಂಪ್ಯೂಟರ್ ಮುಟ್ಟಿದಾಗ ಜುಮ್ಮೆಂದರೆ ಅರ್ಥಿಂಗ್ ಸರಿಯಿಲ್ಲ ಎಂದು ಅರ್ಥ. ಎಲೆಕ್ಟ್ರಿಷಿಯನ್ ಕರೆಸಿ ಸರಿಮಾಡಿಸಿ, ಆಮೇಲೆ ಕಾರ್ಡ್.

ಎರಡು, ಇನ್ವರ್ಟರ್. ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಆಕ್ಟಿವ್ ಪಿಎಫ್‌ಸಿ ಎಂಬ ಸರ್ಕ್ಯೂಟ್ ಇರುತ್ತದೆ. ಅದಕ್ಕೂ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿಗೂ ಆಗಿಬರುವುದಿಲ್ಲ. ಕರೆಂಟು ಹೋದ ಕ್ಷಣ ಕಂಪ್ಯೂಟರ್ ಆಫ್ ಆಗುತ್ತದೆ, ಇಲ್ಲವೇ ಗುಂಯ್‌ಗುಟ್ಟುತ್ತದೆ. ಸೈನ್ ವೇವ್ ಇನ್ವರ್ಟರ್ ಇರಲಿ, ಅದರ ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಲಿ.

ಮೂರು, ಯುಪಿಎಸ್. ಅಂಗಡಿಯಲ್ಲಿ ಕೊಡುವ 600 ವಿಎ ಯುಪಿಎಸ್‌ಗಳು ಹೆಚ್ಚಾಗಿ 360 ವ್ಯಾಟ್‌ನವು. ಗೇಮ್ ಆಡುತ್ತಿರುವಾಗ ಇಡೀ ಯಂತ್ರ 250-300 ವ್ಯಾಟ್ ಎಳೆದರೆ ಕೆಲವೇ ನಿಮಿಷ ನಿಲ್ಲುತ್ತದೆ. ಗೇಮ್ ಸೇವ್ ಮಾಡಿ ಶಟ್‌ಡೌನ್ ಮಾಡಲು ಅಷ್ಟು ಸಾಕು, ಆಟ ಮುಂದುವರಿಸಲು ಆಗದು. ಇದೇ ಕಾರಣಕ್ಕೆ ನಮ್ಮ ಕಡೆ ಕಡಿಮೆ ವ್ಯಾಟ್ ಎಳೆಯುವ ಕಾರ್ಡಿಗೆ ನಾನು ಎರಡು ಅಂಕ ಹೆಚ್ಚು ಕೊಡುತ್ತೇನೆ.

ಬಿಲ್ಲಿನ ಲೆಕ್ಕವನ್ನೂ ಮಾಡಿಬಿಡೋಣ. 300 ವ್ಯಾಟ್ ಯಂತ್ರ ದಿನಕ್ಕೆ 3 ಗಂಟೆ ಓಡಿದರೆ ತಿಂಗಳಿಗೆ 27 ಯೂನಿಟ್. 115 ವ್ಯಾಟ್‌ನ ಕಾರ್ಡಿಗೂ 190 ವ್ಯಾಟ್‌ನದಕ್ಕೂ ಇರುವ 75 ವ್ಯಾಟ್ ವ್ಯತ್ಯಾಸ ಅದೇ ಬಳಕೆಯಲ್ಲಿ ತಿಂಗಳಿಗೆ 7 ಯೂನಿಟ್‌ಗಿಂತ ಕಡಿಮೆ. ಅಷ್ಟಕ್ಕಾಗಿ ಕಾರ್ಡ್ ಬದಲಿಸಬೇಕಾಗಿಲ್ಲ. ಆದರೆ ಗೃಹಜ್ಯೋತಿಯಲ್ಲಿರುವ ಮನೆಗಳು ತಮ್ಮ ಮಿತಿ ಎಷ್ಟೆಂದು ಒಮ್ಮೆ ನೋಡಿಕೊಳ್ಳಿ. ಮಿತಿ ದಾಟಿದ ಯೂನಿಟ್‌ಗಳಿಗೆ ಕಟ್ಟಬೇಕು, ತಿಂಗಳಿಗೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ ಕಟ್ಟಬೇಕು. ಅಪ್ಪ-ಅಮ್ಮನಿಗೆ ಇದನ್ನು ಮೊದಲೇ ಹೇಳುವುದು ಒಳ್ಳೆಯದು.

ಹಂತ 3: ಒಂದೇ ಹೆಸರಿನ ಎರಡು ಕಾರ್ಡುಗಳನ್ನು ಗುರುತಿಸಿ

ಪೆಟ್ಟಿಗೆಯ ಮೇಲಿನ ಹೆಸರು ಒಂದೇ ಇದ್ದರೂ ಒಳಗಿನ ಮಾಲು ಬೇರೆ ಇರುತ್ತದೆ. 2022ರಲ್ಲಿ ಬಂದ ಆರ್‌ಟಿಎಕ್ಸ್ 3050 8 ಜಿಬಿ ಕಾರ್ಡಿನಲ್ಲಿ 2560 ಕೋರ್ (ಲೆಕ್ಕ ಮಾಡುವ ಘಟಕಗಳು), 128 ಬಿಟ್ ಬಸ್ (ಕಾರ್ಡಿನ ಮೆಮೊರಿಗೆ ಹೋಗುವ ದಾರಿಯ ಅಗಲ), 130 ವ್ಯಾಟ್. 2024ರಲ್ಲಿ ಅದೇ ಹೆಸರಿನಲ್ಲಿ ಬಂದ 6 ಜಿಬಿ ಕಾರ್ಡಿನಲ್ಲಿ 2304 ಕೋರ್, 96 ಬಿಟ್, 70 ವ್ಯಾಟ್. ಎರಡನೆಯದು ಸ್ಪಷ್ಟವಾಗಿ ನಿಧಾನ. ಆದರೆ ಅದಕ್ಕೊಂದು ಗುಣವಿದೆ: 70 ವ್ಯಾಟ್ ಆದ್ದರಿಂದ ಬೇರೆ ಕೇಬಲ್ ಬೇಕಿಲ್ಲ, ಸ್ಲಾಟಿನ ಕರೆಂಟೇ ಸಾಕು. ಕಚೇರಿಯಿಂದ ಬಂದ ಹಳೆಯ ಬ್ರಾಂಡೆಡ್ ಕಂಪ್ಯೂಟರ್ ಇಟ್ಟುಕೊಂಡವರಿಗೆ ಅದೇ ಸರಿಯಾದ ಕಾರ್ಡ್ ಆಗಬಹುದು.

ಆರ್‌ಟಿಎಕ್ಸ್ 3060ರಲ್ಲೂ 12 ಜಿಬಿ ಮತ್ತು 8 ಜಿಬಿ ಎಂದು ಎರಡಿವೆ. 8 ಜಿಬಿಯದರಲ್ಲಿ ಬಸ್ ಕೂಡ 192ರಿಂದ 128 ಬಿಟ್‌ಗೆ ಇಳಿದಿದೆ. ಆರ್‌ಟಿಎಕ್ಸ್ 5060 ಟಿಐ ಮತ್ತು ಆರ್‌ಎಕ್ಸ್ 9060 ಎಕ್ಸ್‌ಟಿ ಎರಡೂ 8 ಮತ್ತು 16 ಜಿಬಿಗಳಲ್ಲಿ ಬರುತ್ತವೆ. ಹಳೆಯ ಆರ್‌ಎಕ್ಸ್ 580 ಹೆಸರಿನಲ್ಲಿ "2048 ಎಸ್‌ಪಿ" ಎಂಬ ಬಾಲವಿರುವ ಕಾರ್ಡು ಮೂಲ 580ಕ್ಕಿಂತ ಕಡಿಮೆ ಕೋರ್‌ಗಳದು. ಆದ್ದರಿಂದ ಅಂಗಡಿಯವರನ್ನು ಕೇಳುವಾಗ ಹೆಸರು, ಮೆಮೊರಿ, ಬಸ್, ಮೂರನ್ನೂ ಸೇರಿಸಿ ಕೇಳಿ. ವಾಟ್ಸಾಪ್‌ನಲ್ಲಿ ಬರೆಸಿಕೊಂಡರೆ ಇನ್ನೂ ಒಳ್ಳೆಯದು.

ಹಂತ 4: ಕಣದಲ್ಲಿ ಯಾರ‍್ಯಾರಿದ್ದಾರೆ

1080 ಪರದೆಯ ಬಜೆಟ್ ಗೇಮಿಂಗ್‌ಗೆ ನಾವು ಪಟ್ಟಿ ಮಾಡಿಕೊಂಡವು ಇಷ್ಟು. ಎನ್‌ವಿಡಿಯಾದಿಂದ 2023ರ ಆರ್‌ಟಿಎಕ್ಸ್ 4060 (8 ಜಿಬಿ, 115 ವ್ಯಾಟ್), 2025ರ 5050 (8 ಜಿಬಿ, 130 ವ್ಯಾಟ್) ಮತ್ತು 5060 (8 ಜಿಬಿ, 145 ವ್ಯಾಟ್). ಎಎಂಡಿಯಿಂದ 2021ರ ಆರ್‌ಎಕ್ಸ್ 6600 (8 ಜಿಬಿ, 132 ವ್ಯಾಟ್), 2023ರ 7600 (8 ಜಿಬಿ, 165 ವ್ಯಾಟ್), 2025ರ 9060 ಎಕ್ಸ್‌ಟಿ (8 ಜಿಬಿಗೆ 150 ವ್ಯಾಟ್, 16 ಜಿಬಿಗೆ 160 ವ್ಯಾಟ್). ಇಂಟೆಲ್‌ನಿಂದ 2024ರ ಡಿಸೆಂಬರಿನಲ್ಲಿ ಬಂದ ಆರ್ಕ್ ಬಿ580 (12 ಜಿಬಿ, 190 ವ್ಯಾಟ್).

ಬಿಡುಗಡೆಯಾದಾಗ ಬಿ580ರ ಬೆಲೆ ಅಮೆರಿಕದಲ್ಲಿ 249 ಡಾಲರ್, 5060ರದು 299, 9060 ಎಕ್ಸ್‌ಟಿ 16 ಜಿಬಿಯದು 349. ಡಾಲರನ್ನು ರೂಪಾಯಿಗೆ ಗುಣಿಸಿ ನಮ್ಮ ಬೆಲೆ ಊಹಿಸಬೇಡಿ. ಇಲ್ಲಿ 18 ಶೇಕಡಾ ಜಿಎಸ್‌ಟಿ ಸೇರುತ್ತದೆ, ಆಮದು ಮಾಡಿದವರ ಖರ್ಚು, ಲಾಭ ಸೇರುತ್ತದೆ. ಎರಡು ವಾರ ದಿನಾ ಬೆಲೆ ಬರೆದಿಟ್ಟರೆ ನಿಜವಾದ ರಿಯಾಯಿತಿ ಯಾವುದು, ಬೆಲೆ ಏರಿಸಿ ಇಳಿಸಿದ್ದು ಯಾವುದು ಎಂದು ತಿಳಿಯುತ್ತದೆ.

ಈಗ ಹುಡುಗನ ಹಾಳೆಯನ್ನು ಪಟ್ಟಿಯ ಪಕ್ಕ ಇಟ್ಟೆವು.

ಮೊದಲು ಬಿದ್ದದ್ದು ಬಿ580. ಕಾರ್ಡ್ ಕೆಟ್ಟದೆಂದಲ್ಲ. ಹೊಸ ಪ್ರೊಸೆಸರ್ ಇದ್ದವರಿಗೆ 12 ಜಿಬಿ ಮೆಮೊರಿಯೊಂದಿಗೆ ಅದು ಬಹಳ ಒಳ್ಳೆಯ ಆಯ್ಕೆ. ಆದರೆ ಅದರ ಡ್ರೈವರ್ (ಕಾರ್ಡನ್ನು ವಿಂಡೋಸ್ ಜೊತೆ ಮಾತಾಡಿಸುವ ತಂತ್ರಾಂಶ) ಪ್ರೊಸೆಸರ್ ಮೇಲೆ ಹೆಚ್ಚು ಹೊರೆ ಹಾಕುತ್ತದೆ. ಹಳೆಯ ರೈಝೆನ್‌ಗಳ ಜೊತೆ ಪರೀಕ್ಷೆ ಮಾಡಿದಾಗ ಕೆಲವು ಗೇಮುಗಳಲ್ಲಿ ಅದರ ವೇಗ ಎದ್ದು ಕಾಣುವಷ್ಟು ಕುಸಿಯುತ್ತದೆಂದು 2025ರ ಆರಂಭದಲ್ಲೇ ವಿಮರ್ಶಕರು ತೋರಿಸಿದ್ದರು. ಅದಲ್ಲದೆ ಆರ್ಕ್ ಕಾರ್ಡುಗಳಿಗೆ ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ತಂತ್ರಾಂಶ) ರೀಸೈಝಬಲ್ ಬಾರ್ ಎಂಬ, ಪ್ರೊಸೆಸರ್ ಕಾರ್ಡಿನ ಮೆಮೊರಿಯನ್ನೆಲ್ಲ ಒಮ್ಮೆಗೇ ತಲುಪುವ ಸೌಲಭ್ಯ ಆನ್ ಇರಲೇಬೇಕು, ಇಲ್ಲದಿದ್ದರೆ ವೇಗ ಸೋರಿಹೋಗುತ್ತದೆ.

ಎರಡನೆಯದು ಸ್ಲಾಟಿನ ದಾರಿ. ಕಾರ್ಡು ಮದರ್‌ಬೋರ್ಡಿನ ಜೊತೆ ಮಾತಾಡುವುದು ಪಿಸಿಐಇ ಲೇನ್‌ಗಳ ಮೂಲಕ. 4060, 5060, 6600, 7600, ಬಿ580 ಇವೆಲ್ಲ 8 ಲೇನ್‌ನವು. 9060 ಎಕ್ಸ್‌ಟಿ 16 ಲೇನ್‌ನದು. ಹೊಸ ಬೋರ್ಡಿನಲ್ಲಿ ಇದು ಲೆಕ್ಕಕ್ಕೆ ಬರುವುದಿಲ್ಲ. ಆದರೆ ಬಿ450, ಎ520 ತರಹದ ಬೋರ್ಡುಗಳು, ಇಂಟೆಲ್‌ನ 10ನೇ ತಲೆಮಾರು ಮತ್ತು ಅದಕ್ಕಿಂತ ಹಳೆಯ ಪ್ರೊಸೆಸರ್‌ಗಳು, ರೈಝೆನ್ 5 5600ಜಿ, ಇವು ಪಿಸಿಐಇಯ ಮೂರನೇ ತಲೆಮಾರಿನ (ಜೆನ್ 3) ವೇಗದವು. ಅಲ್ಲಿ 8 ಲೇನ್ ಅಂದರೆ ಅರ್ಧ ಅಗಲದ ರಸ್ತೆ. ಕಾರ್ಡಿನ 8 ಜಿಬಿ ತುಂಬಿ, ಗೇಮು ಕಂಪ್ಯೂಟರಿನ ರ‍್ಯಾಮಿನಿಂದ ಸಾಮಾನು ಎಳೆಯಲು ಶುರುಮಾಡಿದಾಗ ಆ ರಸ್ತೆಯಲ್ಲಿ ಜಾಮ್ ಆಗುತ್ತದೆ, ಚಿತ್ರ ತಟಕ್ಕನೆ ನಿಂತು ಹೋಗುತ್ತದೆ. 4 ಲೇನ್ ಮತ್ತು 4 ಜಿಬಿ ಇರುವ ಆರ್‌ಎಕ್ಸ್ 6500 ಎಕ್ಸ್‌ಟಿಯನ್ನು ಹಳೆಯ ಬೋರ್ಡಿಗೆ ಹಾಕಲೇಬೇಡಿ ಎನ್ನುವುದು ಇದಕ್ಕೇ. ಅದರಲ್ಲಿ ವಿಡಿಯೋ ಎನ್‌ಕೋಡರ್ ಕೂಡ ಇಲ್ಲ, ಆಟ ರೆಕಾರ್ಡ್ ಮಾಡುವವರಿಗೆ ಪ್ರಯೋಜನವಿಲ್ಲ.

ಮೆಮೊರಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಹಂತ 3ರಲ್ಲಿ ಹೇಳಿದ ಹಳೆಯ ಕಚೇರಿ ಕಂಪ್ಯೂಟರಿನವರ ಹೊರತು, ಇಂದು ಹೊಸದಾಗಿ ಕೊಳ್ಳುವವರಿಗೆ 8 ಜಿಬಿ ಕನಿಷ್ಠ, ಅದಕ್ಕಿಂತ ಕೆಳಗೆ ಇಳಿಯಬೇಡಿ. ನಾಲ್ಕೈದು ವರ್ಷ ಅದೇ ಕಾರ್ಡಿನಲ್ಲಿ ಸಾಗಿಸುವ ಮನೆಗಳಿಗೆ 12 ಅಥವಾ 16 ಜಿಬಿಯ ಮೇಲೆ ಹಾಕಿದ ಹೆಚ್ಚಿನ ದುಡ್ಡು ವ್ಯರ್ಥವಾಗುವುದಿಲ್ಲ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2, ಜಿಟಿಎ 5 ಇಷ್ಟೇ ಆಡುವವರಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ, ಅವರಿಗೆ 8 ಜಿಬಿ ಧಾರಾಳ.

ಹಂತ 5: ಬೆಂಚ್‌ಮಾರ್ಕ್ (ವೇಗದ ಪರೀಕ್ಷೆಯ ಅಂಕಿ) ಓದುವ ಕ್ರಮ

ಕುಶಾಲನಗರದಿಂದ ಮಡಿಕೇರಿಗೆ ಸರಾಸರಿ ಗಂಟೆಗೆ 40 ಕಿಲೋಮೀಟರಿನಂತೆ ಬಂದೆವು ಎಂದರೆ ತಿರುವಿನಲ್ಲಿ ಬಸ್ಸು ಎಷ್ಟು ಎಸೆಯಿತು ಎಂದು ತಿಳಿಯುವುದಿಲ್ಲ. ಸರಾಸರಿ ಫ್ರೇಮ್ ಸಂಖ್ಯೆಯೂ ಹಾಗೆ. ಅದರ ಪಕ್ಕದಲ್ಲಿ "ಶೇ 1 ಲೋ" ಎಂಬ ಅಂಕಿ ಇರುತ್ತದೆ. ಅತಿ ನಿಧಾನವಾಗಿ ಬಂದ ಶೇಕಡಾ ಒಂದರಷ್ಟು ಫ್ರೇಮುಗಳಿಂದ ತೆಗೆದ ಲೆಕ್ಕ ಅದು. ಒಂದು ಕಾರ್ಡ್ ಸರಾಸರಿ 90, ಲೋ 45. ಇನ್ನೊಂದು ಸರಾಸರಿ 82, ಲೋ 66 ಎಂದಿದ್ದರೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಕೈಗೆ ಹಿತವಾಗುವುದು ಅದೇ.

ಯೂಟ್ಯೂಬಿನಲ್ಲಿ ಎರಡು ಕಾರ್ಡುಗಳ ಅಂಕಿ ಪಕ್ಕಪಕ್ಕ ಓಡಿಸುವ ವಿಡಿಯೋಗಳು ರಾಶಿ ಇವೆ. ಕಾರ್ಡನ್ನು ಕೈಯಲ್ಲಿ ಹಿಡಿದು ತೋರಿಸದವರ, ಪರೀಕ್ಷಾ ಯಂತ್ರದ ವಿವರ ಹೇಳದವರ ಅಂಕಿಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗೇಮರ್ಸ್ ನೆಕ್ಸಸ್, ಹಾರ್ಡ್‌ವೇರ್ ಅನ್‌ಬಾಕ್ಸ್ಡ್, ಟೆಕ್‌ಪವರ್‌ಅಪ್ ಇಂಥವರು ವಿಧಾನವನ್ನು ಬಿಡಿಸಿ ಹೇಳುತ್ತಾರೆ. ಕನಿಷ್ಠ ಇಬ್ಬರದನ್ನು ನೋಡಿ, ನೀವು ನಿಜವಾಗಿ ಆಡುವ ನಾಲ್ಕೈದು ಗೇಮುಗಳ ಅಂಕಿ ಮಾತ್ರ ಬರೆದುಕೊಳ್ಳಿ.

ಒಂದು ಎಚ್ಚರ. ವಿಮರ್ಶಕರು ಕಾರ್ಡಿನ ಶಕ್ತಿ ಪೂರ್ತಿ ಕಾಣಲೆಂದು ರೈಝೆನ್ 7 9800ಎಕ್ಸ್3ಡಿಯಂಥ ದುಬಾರಿ ಪ್ರೊಸೆಸರ್ ಬಳಸುತ್ತಾರೆ. ನಿಮ್ಮ ಮನೆಯಲ್ಲಿ ಆ ಅಂಕಿ ಬರುವುದಿಲ್ಲ. ನಿಮ್ಮ ಪ್ರೊಸೆಸರಿನ ಮಿತಿ ಎಲ್ಲಿದೆ ಎಂದು ಈಗಿರುವ ಕಾರ್ಡಿನಲ್ಲೇ ಪರೀಕ್ಷಿಸಬಹುದು. ಗೇಮಿನ ರೆಸಲ್ಯೂಷನ್ನನ್ನು 1280x720ಕ್ಕೆ ಇಳಿಸಿ ಆಡಿ. ಫ್ರೇಮುಗಳು ಚೆನ್ನಾಗಿ ಏರಿದರೆ ಇಲ್ಲಿಯವರೆಗೆ ಕಟ್ಟಿಹಾಕಿದ್ದದ್ದು ಕಾರ್ಡು. ಏರದೆ ಅಲ್ಲೇ ನಿಂತರೆ ಕಟ್ಟಿಹಾಕಿದ್ದು ಪ್ರೊಸೆಸರು, ಎಂಥ ಕಾರ್ಡ್ ತಂದರೂ ಆ ಗೇಮಿನಲ್ಲಿ ಆ ಅಂಕಿಯ ಆಚೆ ಹೋಗುವುದಿಲ್ಲ.

ಹಂತ 6: ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್, ಫ್ರೇಮ್ ಜನರೇಷನ್

ಸಣ್ಣ ಚಿತ್ರವನ್ನು ಬಿಡಿಸಿ ದೊಡ್ಡದು ಮಾಡಿ ತೋರಿಸುವುದು ಅಪ್‌ಸ್ಕೇಲಿಂಗ್. 1080 ಪರದೆಯಲ್ಲಿ ಕ್ವಾಲಿಟಿ ಮೋಡ್ ಎಂದರೆ ಒಳಗೆ ಬಿಡಿಸುವುದು 1280x720. ಎನ್‌ವಿಡಿಯಾದವರ ಅಪ್‌ಸ್ಕೇಲಿಂಗ್ ಹೆಸರು ಡಿಎಲ್‌ಎಸ್‌ಎಸ್, ಅದು ಓಡುವುದು ಅವರ ಆರ್‌ಟಿಎಕ್ಸ್ ಕಾರ್ಡುಗಳಲ್ಲಿ ಮಾತ್ರ. ಎಎಂಡಿಯ ಎಫ್‌ಎಸ್‌ಆರ್ 3ರವರೆಗಿನವು ಯಾರ ಕಾರ್ಡಿನಲ್ಲೂ ಓಡುತ್ತವೆ, ಎಫ್‌ಎಸ್‌ಆರ್ 4 ಬಂದದ್ದು ಆರ್‌ಎಕ್ಸ್ 9000 ಸರಣಿಗೆ. ಇಂಟೆಲ್‌ನ ಎಕ್ಸ್‌ಇಎಸ್‌ಎಸ್ ಬೇರೆಯವರ ಕಾರ್ಡಿನಲ್ಲೂ ನಡೆಯುತ್ತದೆ. 1080ರಲ್ಲಿ ಚಿತ್ರದ ಸ್ಪಷ್ಟತೆ ನೋಡಿದರೆ ಡಿಎಲ್‌ಎಸ್‌ಎಸ್ ಮತ್ತು ಎಫ್‌ಎಸ್‌ಆರ್ 4 ಮುಂದೆ, ಹಳೆಯ ಎಫ್‌ಎಸ್‌ಆರ್‌ನಲ್ಲಿ ಎಲೆ, ತಂತಿ, ಕೂದಲು ಮಿನುಗುವುದು ಕಾಣುತ್ತದೆ. 7600ಕ್ಕಿಂತ 4060 ಅಥವಾ 9060 ಎಕ್ಸ್‌ಟಿ ಮೇಲು ಎನ್ನಲು ಇದೂ ಒಂದು ಕಾರಣ.

ಫ್ರೇಮ್ ಜನರೇಷನ್ ಬೇರೆ. ನಿಜವಾದ ಎರಡು ಫ್ರೇಮುಗಳ ನಡುವೆ ಊಹಿಸಿದ ಫ್ರೇಮ್ ತುರುಕುವ ತಂತ್ರ ಅದು. ಮೌಸ್ ತಿರುಗಿಸಿದಾಗ ಸಿಗುವ ಸ್ಪಂದನೆ ಅದರಿಂದ ಹೆಚ್ಚುವುದಿಲ್ಲ. ಮೂಲದಲ್ಲಿ 60ರ ಆಸುಪಾಸು ಇದ್ದರೆ ಚೆನ್ನಾಗಿ ಕಾಣುತ್ತದೆ, 25 ಇದ್ದದ್ದನ್ನು 50 ಮಾಡಿದರೆ ಕೈಗೆ ಕೆಸರಲ್ಲಿ ನಡೆದ ಹಾಗೆ ಆಗುತ್ತದೆ. 2025ರ ಜನವರಿಯಲ್ಲಿ ಎನ್‌ವಿಡಿಯಾ ಮುಖ್ಯಸ್ಥ ಜೆನ್ಸನ್ ಹುವಾಂಗ್ ಅವರು 549 ಡಾಲರ್‌ನ 5070ರಲ್ಲಿ ಹಿಂದಿನ ಸರಣಿಯ ಅತಿ ಬಲಿಷ್ಠ ಕಾರ್ಡಾದ 4090ರ ಸಾಮರ್ಥ್ಯ ಎಂದಾಗ ಆ ಲೆಕ್ಕದಲ್ಲಿ ಇಂಥ ಫ್ರೇಮುಗಳೂ ಸೇರಿದ್ದವು. ಹೋಲಿಸುವಾಗ ಫ್ರೇಮ್ ಜನರೇಷನ್ ಆಫ್ ಇದ್ದ ಅಂಕಿಗಳನ್ನೇ ಹಿಡಿಯಿರಿ.

ಹಂತ 7: ಒಂದು ಫ್ರೇಮಿಗೆ ಎಷ್ಟು ರೂಪಾಯಿ

ಲೆಕ್ಕ ತಿಳಿಯಲು ಊಹೆಯ ಅಂಕಿ ತೆಗೆದುಕೊಳ್ಳೋಣ. ಒಂದು ಕಾರ್ಡ್ 27,000 ರೂಪಾಯಿ, ನಿಮ್ಮ ಗೇಮುಗಳಲ್ಲಿ ಸರಾಸರಿ 80 ಫ್ರೇಮ್. ಫ್ರೇಮಿಗೆ ಸುಮಾರು 338 ರೂಪಾಯಿ. ಇನ್ನೊಂದು 31,000, 96 ಫ್ರೇಮ್. ಫ್ರೇಮಿಗೆ 323. ಎರಡನೆಯದೇ ಲಾಭ ಎನಿಸುತ್ತದೆ. ಆದರೆ ಅದಕ್ಕೆ ನಿಮ್ಮ ಎಸ್‌ಎಂಪಿಎಸ್ ಸಾಲದೆ 4,500 ರೂಪಾಯಿಯ ಹೊಸದು ಬೇಕಾದರೆ ಒಟ್ಟು 35,500, ಫ್ರೇಮಿಗೆ 370. ಆಟ ತಿರುಗಿತು. ಈ ಕಾರಣಕ್ಕೇ ಹಂತ 2 ಮೊದಲು ಬಂದದ್ದು. ಕಾರ್ಡಿನ ಜೊತೆ ಕಡ್ಡಾಯವಾಗಿ ಬರುವ ಎಲ್ಲ ಖರ್ಚನ್ನೂ ಕಾರ್ಡಿನ ಬೆಲೆಗೇ ಸೇರಿಸಿ.

ಹುಡುಗನ ವಿಷಯದಲ್ಲಿ ಎಸ್‌ಎಂಪಿಎಸ್ ಗಟ್ಟಿ ಇತ್ತು. ಕಾರ್ಡಿಗೆ 160, ಪ್ರೊಸೆಸರಿಗೆ 90, ಮಿಕ್ಕಿದ್ದಕ್ಕೆ 50, ಒಟ್ಟು 300 ವ್ಯಾಟ್, 432ರೊಳಗೆ ಸುಖವಾಗಿ ನಿಲ್ಲುತ್ತದೆ. ಅಲ್ಲಿ ಉಳಿದದ್ದನ್ನು ಮೆಮೊರಿಗೆ ಹಾಕಿದೆವು. ಬೋರ್ಡು ಜೆನ್ 3, ಕಾರ್ಡಿಗೆ 16 ಲೇನ್ ಬೇಕು, ನಾಲ್ಕೈದು ವರ್ಷ ಬಾಳಬೇಕು. 9060 ಎಕ್ಸ್‌ಟಿ 16 ಜಿಬಿ ಎಂದು ಅವನೇ ಹೇಳಿದ, ನಾನು ಹೇಳಬೇಕಾಗಿ ಬರಲಿಲ್ಲ. ಅದೇ ದುಡ್ಡಿಗೆ ಹೊಸ ಪ್ರೊಸೆಸರ್ ಇರುವವನು ಬಂದಿದ್ದರೆ ಬಿ580 ಮತ್ತು 5060 ನಡುವೆ ಮಾತು ನಡೆಯುತ್ತಿತ್ತು. ವ್ಯಾಲರಂಟ್ ಮಾತ್ರ ಆಡುವವನಾಗಿದ್ದರೆ ಸಿಕ್ಕಿದ ಒಳ್ಳೆಯ ಬೆಲೆಯ 6600 ಸಾಕೆನ್ನುತ್ತಿದ್ದೆ.

ಹಂತ 8: ಸೆಕೆಂಡ್ ಹ್ಯಾಂಡ್ ಆದರೆ

ಕೆಲವು ವರ್ಷಗಳ ಹಿಂದೆ ನಾನೊಂದು ಹಳೆಯ ಕಾರ್ಡ್ ಕೊಂಡೆ. ಮಾರಿದವರು 4 ಜಿಬಿ ಎಂದರು, ವಿಂಡೋಸ್ ಕೂಡ 4 ಜಿಬಿ ಎಂದೇ ತೋರಿಸಿತು. ಮನೆಗೆ ತಂದು ಜಿಪಿಯು-ಝಡ್ ಎಂಬ, ಕಾರ್ಡಿನ ವಿವರ ತೋರಿಸುವ ಉಚಿತ ತಂತ್ರಾಂಶ ಓಡಿಸಿದಾಗ ಹೆಸರಿನ ಮುಂದೆ ನಕಲಿ ಎಂಬ ಎಚ್ಚರಿಕೆ ಬಂತು. ತೀರಾ ಹಳೆಯ ಕಾರ್ಡಿನ ಬಯೋಸ್ ಬದಲಿಸಿ ಹೊಸ ಹೆಸರು ಕೊಟ್ಟಿದ್ದರು. ಆ ದುಡ್ಡು ವಾಪಸ್ ಬರಲಿಲ್ಲ. ತಿಂಗಳುಗಟ್ಟಲೆ ಕೂಡಿಟ್ಟದ್ದು ಅದು, ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ. ಹಾಗಾಗಿ ಜಿಪಿಯು-ಝಡ್ ಓಡಿಸಿ ತೋರಿಸದೆ, ಅರ್ಧ ಗಂಟೆ ಗೇಮ್ ಆಡಿಸಿ ತೋರಿಸದೆ ಯಾರಿಗೂ ಹಣ ಕಳಿಸಬೇಡಿ.

2022ರ ಸೆಪ್ಟೆಂಬರಿನಲ್ಲಿ ಗ್ರಾಫಿಕ್ಸ್ ಕಾರ್ಡುಗಳಿಂದ ಎಥೀರಿಯಂ ಎಂಬ ಡಿಜಿಟಲ್ ಹಣ ಗಳಿಸುವ ಮೈನಿಂಗ್ ನಿಂತ ಮೇಲೆ ವರ್ಷಗಟ್ಟಲೆ ಹಗಲು ರಾತ್ರಿ ದುಡಿದ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಫ್ಯಾನ್ ಸದ್ದು, ಮಾಸಿದ ಬೋರ್ಡು, ಒಳಗಿನ ಪ್ಯಾಡುಗಳಿಂದ ಒಸರಿದ ಎಣ್ಣೆ, ಇವನ್ನು ನೋಡಿ. ವಯಸ್ಸನ್ನೂ ನೋಡಿ. ಜಿಟಿಎಕ್ಸ್ 1050 ಟಿಐ, 1060 ಇಂಥವಕ್ಕೆ ಹೊಸ ಗೇಮುಗಳ ಡ್ರೈವರ್ 2025ರಲ್ಲಿ ನಿಂತಿತು. ಆರ್‌ಎಕ್ಸ್ 500 ಸರಣಿಯ ಬೆಂಬಲ 2023ರಲ್ಲೇ ಕುಗ್ಗಿತು. ರೇ ಟ್ರೇಸಿಂಗ್ (ಬೆಳಕಿನ ದಾರಿ ಲೆಕ್ಕ ಹಾಕಿ ಚಿತ್ರ ಬಿಡಿಸುವ) ಹಾರ್ಡ್‌ವೇರ್ ಇಲ್ಲದ 1650, 1660 ಕಾರ್ಡುಗಳಲ್ಲಿ 2024ರ ಇಂಡಿಯಾನಾ ಜೋನ್ಸ್ ಗೇಮಿನಂಥವು ತೆರೆಯುವುದೇ ಇಲ್ಲ. ಹಳೆಯದೇ ಬೇಕೆಂದರೆ ನನ್ನ ಮೆಚ್ಚುಗೆ ಬಿಲ್ ಇರುವ 3060 12 ಜಿಬಿ ಅಥವಾ 6600.

ಹಂತ 9: ಎಲ್ಲಿ ಕೊಳ್ಳುವುದು, ಹೇಗೆ ತರುವುದು

ನಮ್ಮ ಜಿಲ್ಲೆಗೆ ರೈಲಿಲ್ಲ. ಕಾರ್ಡ್ ಕೆಟ್ಟರೆ ಮೈಸೂರು, ಮಂಗಳೂರು ಇಲ್ಲವೇ ಬೆಂಗಳೂರಿನ ಎಸ್‌ಪಿ ರೋಡಿನವರೆಗೆ ಹೋಗಬೇಕಾದೀತು. ಅದಕ್ಕೆ ಕೊಳ್ಳುವ ಮೊದಲೇ ಆ ಬ್ರಾಂಡಿನ ಸರ್ವಿಸ್ ಸೆಂಟರ್ ಎಲ್ಲಿದೆ, ಕೊರಿಯರ್‌ನಲ್ಲಿ ತೆಗೆದುಕೊಳ್ಳುತ್ತಾರಾ, ವಾರಂಟಿ ಬಿಲ್ಲಿನ ದಿನಾಂಕದಿಂದಲೋ ಸೀರಿಯಲ್ ನಂಬರಿನಿಂದಲೋ ಎಂದು ಕೇಳಿಕೊಳ್ಳಿ. ಒಂದೇ ಚಿಪ್ಪಿನ ಕಾರ್ಡುಗಳ ನಡುವೆ ಆರಿಸುವಾಗ ಬಣ್ಣದ ದೀಪ, ಮೂರನೇ ಫ್ಯಾನ್ ಇವಕ್ಕಿಂತ ಸರ್ವಿಸ್ ಮುಖ್ಯ. ಮಡಿಕೇರಿಯ ತಂಪಿನಲ್ಲಿ 160 ವ್ಯಾಟ್‌ನ ಕಾರ್ಡಿಗೆ ಎರಡು ಫ್ಯಾನ್ ಧಾರಾಳ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಆನ್‌ಲೈನಿನಲ್ಲಿ ತರಿಸಿದರೆ ಪೆಟ್ಟಿಗೆ ಒಡೆಯುವುದನ್ನು ನಿಲ್ಲಿಸದೆ ವಿಡಿಯೋ ಮಾಡಿ. ವಾಪಸಾತಿ ಅವಧಿ ಹೆಚ್ಚಾಗಿ ಒಂದು ವಾರ, ಹತ್ತು ದಿನ. ಕಕ್ಕಡ ಮಾಸದ (ಜುಲೈ-ಆಗಸ್ಟ್) ಮಳೆಯಲ್ಲಿ ತರಿಸಿದರೆ ಕರೆಂಟಿಲ್ಲದೆ ಪರೀಕ್ಷಿಸುವುದಕ್ಕೇ ಆಗದೆ ಆ ಅವಧಿ ಮುಗಿದು ಹೋಗುತ್ತದೆ. ದಸರಾ, ದೀಪಾವಳಿಯ ರಿಯಾಯಿತಿ ಹೊತ್ತಿಗೆ ಮಳೆಯೂ ಹಿಂದೆ ಸರಿದಿರುತ್ತದೆ, ಆಗಲೇ ಕೊಳ್ಳಿ.

ಜೋಡಿಸಿದ ಕಂಪ್ಯೂಟರನ್ನು ಊರಿಗೆ ತರುವವರಿಗೆ ಒಂದು ವಿನಂತಿ. ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿ ಅದರ ಪೆಟ್ಟಿಗೆಯಲ್ಲೇ ಬೇರೆ ತನ್ನಿ. ಒಂದು ಕಿಲೋ ತೂಗುವ ಕಾರ್ಡು ಸ್ಲಾಟಿನಲ್ಲೇ ಇದ್ದರೆ ತಿರುವು, ಗುಂಡಿಗಳ ಕುಲುಕಾಟಕ್ಕೆ ಸ್ಲಾಟೇ ಮುರಿಯಬಹುದು.

ಹಂತ 10: ಹಾಕಿ, ಪರೀಕ್ಷಿಸಿ

ಬೇರೆ ಕಂಪನಿಯ ಹಳೆಯ ಕಾರ್ಡ್ ಇದ್ದರೆ ಡಿಡಿಯು ತಂತ್ರಾಂಶವನ್ನು ಸೇಫ್ ಮೋಡಿನಲ್ಲಿ ಓಡಿಸಿ ಹಳೆಯ ಡ್ರೈವರ್ ಅಳಿಸಿ. ಹೊಸ ಡ್ರೈವರ್ ನೂರಾರು ಎಂಬಿ ಇರುತ್ತದೆ, ನೆಟ್‌ವರ್ಕ್ ಸರಿಯಿರುವ ದಿನವೇ ಇಳಿಸಿಟ್ಟುಕೊಳ್ಳಿ. ಪ್ಲಗ್ ತೆಗೆದು, ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಮೈಯ ಸ್ಟ್ಯಾಟಿಕ್ ಇಳಿಸಿ, ಕಾರ್ಡನ್ನು ಕ್ಲಿಕ್ ಎನ್ನುವವರೆಗೆ ಒತ್ತಿ, ಸ್ಕ್ರೂ ಹಾಕಿ, ಪವರ್ ಕೇಬಲ್ ಕೊಡಿ. ಮಾನಿಟರಿನ ಕೇಬಲ್ ಕಾರ್ಡಿಗೆ ಹೋಗಬೇಕು, ಮದರ್‌ಬೋರ್ಡಿಗಲ್ಲ. ಈ ತಪ್ಪಿನಿಂದ ಹೊಸ ಕಾರ್ಡ್ ಕೆಟ್ಟಿದೆ ಎಂದು ವಾಪಸ್ ಕಳಿಸಿದವರನ್ನು ಕಂಡಿದ್ದೇನೆ.

ಬಯೋಸ್‌ನಲ್ಲಿ ರೀಸೈಝಬಲ್ ಬಾರ್ ಆನ್ ಮಾಡಿ. ಜಿಪಿಯು-ಝಡ್‌ನಲ್ಲಿ ಹೆಸರು, ಮೆಮೊರಿ, ಬಸ್, ಲೇನ್ ನಾಲ್ಕನ್ನೂ ಪೆಟ್ಟಿಗೆಯ ಜೊತೆ ತಾಳೆ ನೋಡಿ. ಬಿಸಿ, ಫ್ರೇಮ್ ತೋರಿಸುವ ಆಫ್ಟರ್‌ಬರ್ನರ್ ತಂತ್ರಾಂಶ ಹಾಕಿಕೊಂಡು ಭಾರದ ಗೇಮನ್ನು ಅರ್ಧ ಗಂಟೆ ಆಡಿ, ಬಿಸಿ ಮತ್ತು ಫ್ರೇಮ್ ಬರೆದಿಡಿ. ಫ್ರೇಮುಗಳಿಗೆ ಮಾನಿಟರಿನ ಹರ್ಟ್ಜ್‌ನಷ್ಟೇ ಮಿತಿ ಹಾಕಿದರೆ ಬಿಸಿಯೂ ಕರೆಂಟೂ ಇಳಿಯುತ್ತವೆ. ಅಕ್ಕನ ಮಗ 75ಕ್ಕೆ ಕಟ್ಟಿದ್ದಾನೆ.

ಮಳೆಗಾಲಕ್ಕೆ

ಕ್ಯಾಬಿನೆಟ್ಟನ್ನು ನೆಲದ ಮೇಲೆ, ತೇವ ಹಿಡಿಯುವ ಗೋಡೆಗೆ ಒತ್ತಿ ಇಡಬೇಡಿ. ಮೇಜಿನ ಮೇಲೆ ಒಂದು ಗೇಣು ಜಾಗ ಬಿಟ್ಟು ಇಡಿ. ಆಡದಿದ್ದರೂ ದಿನಕ್ಕೊಮ್ಮೆ ಅರ್ಧ ಗಂಟೆ ಆನ್ ಮಾಡಿ, ಒಳಗಿನ ಬಿಸಿಯೇ ತೇವ ಓಡಿಸುತ್ತದೆ. ವಾರಗಟ್ಟಲೆ ಮುಚ್ಚಿದ್ದ ಮನೆಗೆ ಬಂದ ತಕ್ಷಣ ಸ್ವಿಚ್ ಹಾಕದೆ ಕೋಣೆ ಬೆಚ್ಚಗಾಗುವವರೆಗೆ ಕಾಯಿರಿ. ಒಲೆಯ ಹೊಗೆ ತಾಗುವ ಕೋಣೆಯಾದರೆ ಫ್ಯಾನಿನ ರೆಕ್ಕೆಗೆ ಜಿಡ್ಡು ಕೂರುತ್ತದೆ, ಮೂರು ತಿಂಗಳಿಗೊಮ್ಮೆ ಬ್ರಶ್ ಆಡಿಸಿ. ಕಾರ್ಡಿನ ಚಿನ್ನದ ಬಣ್ಣದ ಅಂಚು ಮಂಕಾಗಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ ಒಣಗಿಸಿ ಹಾಕಿ.

ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಶುರುವಾದ ಕೂಡಲೇ ಪ್ಲಗ್ ಕಿತ್ತುಬಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಇಂಟರ್‌ನೆಟ್ ರೂಟರಿನಿಂದ ಕಂಪ್ಯೂಟರಿಗೆ ಬರುವ ಕೇಬಲ್ಲನ್ನೂ ಕೀಳಿರಿ. ಸಿಡಿಲು ಆ ದಾರಿಯಿಂದಲೂ ಬರುತ್ತದೆ.